ಬೇಸಿಗೆಯ ತೀವ್ರ ತಾಪ, ಬಿಸಿಗಾಳಿ ಘೋಷಣೆ ಮತ್ತು ಹವಾಮಾನ ಬದಲಾವಣೆ: ಸಾರ್ವಜನಿಕರ ಮಾಹಿತಿಗಾಗಿ

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ಬೆಳಗಾವಿ ವಿಭಾಗದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬದಲಾಯಿಸುವುದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿಯಾಗಿರುತ್ತದೆ. 2025ರ ಬೇಸಿಗೆಯಲ್ಲಿ ಈ ವೇಳೆಯು ಬೆಳಿಗ್ಗೆ 8.00 ಗಂಟೆಯಿಂದ ಮಧ್ಯಾಹ್ನ 1.30 ಗಂಟೆಯವರೆಗೆ ಇದ್ದಿತು. ಅರ್ಜಿದಾರರು ಆಯಾ ವರ್ಷದ ಆದೇಶವನ್ನು ನೋಡಿಕೊಂಡು ಕಚೇರಿಗೆ ಬರುವುದು ಸೂಕ್ತ. ದೂರದ ಗ್ರಾಮದಿಂದ ಹೊರಟು ಮಧ್ಯಾಹ್ನ ಎರಡು ಗಂಟೆಗೆ ಬೀಗ ಹಾಕಿದ ಬಾಗಿಲನ್ನು ಕಂಡು, ಅದೇ ಬಿಸಿಲಿನಲ್ಲಿ ಮರಳುವ ವೃದ್ಧರ ಸಂಖ್ಯೆ ಪ್ರತಿ ವರ್ಷವೂ ಕಡಿಮೆಯೇನಲ್ಲ.

ಕಚೇರಿ ವೇಳೆಯ ಈ ಬದಲಾವಣೆಯು ಬಿಸಿಗಾಳಿಯ ಘೋಷಣೆಗಾಗಿ ಕಾಯುವುದಿಲ್ಲ ಎಂಬುದನ್ನು ಗಮನಿಸಬೇಕು. ತಿಂಗಳು ಬಂದೊಡನೆ ಅದು ಜಾರಿಗೆ ಬರುತ್ತದೆ. ಬಿಸಿಗಾಳಿ ಘೋಷಣೆಯಾಗದ ದಿನಗಳಲ್ಲಿಯೂ ಬಿಸಿಲು ಅಪಾಯಕಾರಿಯಾಗಿರಬಹುದು ಎಂಬ ಅಂಶವನ್ನು ಈ ಹಳೆಯ ಪದ್ಧತಿಯು ಮೊದಲಿನಿಂದಲೂ ಒಪ್ಪಿಕೊಂಡಿದೆ. ಈ ಪುಟದಲ್ಲಿ ವಿವರಿಸಿರುವುದೂ ಮುಖ್ಯವಾಗಿ ಅದನ್ನೇ.

ಬಿಸಿಗಾಳಿ ಎಂದು ಯಾವಾಗ ಘೋಷಿಸಲಾಗುತ್ತದೆ

ಭಾರತ ಹವಾಮಾನ ಇಲಾಖೆಯ ಮಾನದಂಡದಂತೆ, ಬಯಲು ಪ್ರದೇಶದಲ್ಲಿ ದಿನದ ಗರಿಷ್ಠ ಉಷ್ಣಾಂಶವು ಕನಿಷ್ಠ 40 ಡಿಗ್ರಿ ಸೆಲ್ಸಿಯಸ್, ಕರಾವಳಿಯಲ್ಲಿ 37 ಡಿಗ್ರಿ ಹಾಗೂ ಗುಡ್ಡಗಾಡಿನಲ್ಲಿ 30 ಡಿಗ್ರಿ ತಲುಪಿದ ನಂತರವೇ ಬಿಸಿಗಾಳಿಯ ಪ್ರಶ್ನೆಯು ಪರಿಶೀಲನೆಗೆ ಬರುತ್ತದೆ. ಆ ಮಟ್ಟವನ್ನು ತಲುಪಿದ ಮೇಲೆ, ಆ ಸ್ಥಳದ ಆ ದಿನದ ವಾಡಿಕೆ ಉಷ್ಣಾಂಶಕ್ಕಿಂತ 4.5ರಿಂದ 6.4 ಡಿಗ್ರಿಯಷ್ಟು ಹೆಚ್ಚಿದ್ದಲ್ಲಿ ಬಿಸಿಗಾಳಿ ಎಂದೂ, 6.4 ಡಿಗ್ರಿಯನ್ನು ಮೀರಿದಲ್ಲಿ ತೀವ್ರ ಬಿಸಿಗಾಳಿ ಎಂದೂ ಪರಿಗಣಿಸಲಾಗುತ್ತದೆ. ಬಯಲು ಪ್ರದೇಶಗಳಲ್ಲಿ ವಾಡಿಕೆಯು ಎಷ್ಟೇ ಇರಲಿ, ಉಷ್ಣಾಂಶವು 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿ, 47 ಡಿಗ್ರಿ ಮುಟ್ಟಿದರೆ ತೀವ್ರ ಬಿಸಿಗಾಳಿ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಈ ಸ್ಥಿತಿಯು ಕಂಡುಬಂದಲ್ಲಿ ಎರಡನೆಯ ದಿನ ಘೋಷಣೆ ಮಾಡಲಾಗುತ್ತದೆ. ಕರ್ನಾಟಕವು ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳನ್ನು ಹೊಂದಿದೆ.

ಇಲ್ಲಿ ಹೇಳಿದ ಉಷ್ಣಾಂಶವೆಲ್ಲವೂ ನೆರಳಿನದು. ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇರಿಸಿದ ಉಷ್ಣಮಾಪಕದಿಂದ ಅದನ್ನು ಅಳೆಯಲಾಗುತ್ತದೆ. ರಸ್ತೆಗೆ ಡಾಂಬರು ಹಾಕುವ ಕಾರ್ಮಿಕನಾಗಲಿ, ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಕಳೆಯುವ ಬಾಣಂತಿಯಾಗಲಿ ಆ ಪೆಟ್ಟಿಗೆಯೊಳಗೆ ಇರುವುದಿಲ್ಲ. ಪ್ರಕಟಣೆಯಲ್ಲಿನ ಅಂಕಿಗಿಂತ ಅವರು ಅನುಭವಿಸುವ ತಾಪವು ಬಹಳ ಹೆಚ್ಚು.

ಘೋಷಣೆಯ ಹೊರಗೆ ಉಳಿಯುವ ಅಪಾಯ

ಮಾನದಂಡವು ಇರಲೇಬೇಕು. ಅದಿಲ್ಲದೆ ಒಂದು ವರ್ಷವನ್ನು ಮತ್ತೊಂದರೊಡನೆ ಹೋಲಿಸಲಾಗದು. ಆದರೆ ಅದು ಯಾವುದನ್ನು ಅಳೆಯುವುದಿಲ್ಲ ಎಂಬುದನ್ನೂ ಸಾರ್ವಜನಿಕರು ತಿಳಿದಿರುವುದು ಅವಶ್ಯ.

ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳಿನಲ್ಲಿ 40 ಡಿಗ್ರಿಯ ಆಸುಪಾಸು ವಾಡಿಕೆಯೇ ಆಗಿರುವುದರಿಂದ, 42 ಅಥವಾ 43 ಡಿಗ್ರಿಯ ದಿನವು ಅಲ್ಲಿ ಬಿಸಿಗಾಳಿಯ ದಿನವೆಂದು ಪರಿಗಣಿತವಾಗುವುದಿಲ್ಲ. ಬೆಂಗಳೂರಿನ ಸ್ಥಿತಿಯು ಇದಕ್ಕೆ ತದ್ವಿರುದ್ಧ. ನಗರ ವೀಕ್ಷಣಾಲಯದಲ್ಲಿ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. 2016ರ ಏಪ್ರಿಲ್ 25ರಂದು ದಾಖಲಾದ 39.2 ಡಿಗ್ರಿ ಮಾತ್ರ ಏಪ್ರಿಲ್ ತಿಂಗಳಿನಲ್ಲಿ ಅದಕ್ಕಿಂತ ಹೆಚ್ಚಿನದು. ಎರಡೂ ಬೇಸಿಗೆಗಳು ನಗರದ ಜನರಿಗೆ ಅಸಹನೀಯವಾಗಿದ್ದವು. ಆದರೂ ಎರಡೂ ದಿನಗಳಂದು ಅಲ್ಲಿನ ಉಷ್ಣಾಂಶವು ಬಯಲು ಪ್ರದೇಶದ 40 ಡಿಗ್ರಿಯ ಹೊಸ್ತಿಲನ್ನು ದಾಟಲಿಲ್ಲ. ಒಂದು ಕಡೆ ಜನ ಬಿಸಿಲಿಗೆ ಒಗ್ಗಿದ್ದಾರೆಂಬ ಕಾರಣಕ್ಕೆ, ಮತ್ತೊಂದು ಕಡೆ ಬಿಸಿಲು ಸಾಲದೆಂಬ ಕಾರಣಕ್ಕೆ ಘೋಷಣೆಯಾಗುವುದಿಲ್ಲ.

ಕರಾವಳಿಯಲ್ಲಿ ತೇವಾಂಶವೇ ಮುಖ್ಯ ಸಂಗತಿ. ಮನುಷ್ಯನ ದೇಹವು ತಣ್ಣಗಾಗುವುದು ಬೆವರು ಆವಿಯಾಗುವುದರಿಂದಲೇ ಹೊರತು ಬೆವರು ಸುರಿಯುವುದರಿಂದಲ್ಲ. ಗಾಳಿಯಲ್ಲಿ ತೇವಾಂಶವು ತುಂಬಿದ್ದಾಗ ಬೆವರು ಮೈಮೇಲೆಯೇ ಇಳಿದುಹೋಗುತ್ತದೆ, ಆರುವುದಿಲ್ಲ. ಆದುದರಿಂದ ಮಂಗಳೂರಿನ 35 ಡಿಗ್ರಿಯು ಬೀದರಿನ ಒಣಹವೆಯ 40 ಡಿಗ್ರಿಗಿಂತ ದೇಹಕ್ಕೆ ಹೆಚ್ಚು ಕಠಿಣವಾಗಬಹುದು. ತೇವಾಂಶವನ್ನೂ ಸೇರಿಸಿ ಲೆಕ್ಕ ಹಾಕುವ ಆರ್ದ್ರ ಉಷ್ಣಾಂಶವು 35 ಡಿಗ್ರಿ ತಲುಪಿದರೆ ಆರೋಗ್ಯವಂತನೂ ಕೆಲವೇ ಗಂಟೆಗಳ ಕಾಲ ಬದುಕಬಲ್ಲನೆಂದು ಮೊದಲು ಅಂದಾಜಿಸಲಾಗಿತ್ತು. 2022ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಯುವಕ ಯುವತಿಯರ ದೇಹವೂ ಸುಮಾರು 31 ಡಿಗ್ರಿಯಲ್ಲಿಯೇ ತಾಪವನ್ನು ಹೊರಹಾಕಲಾರದ ಹಂತವನ್ನು ಮುಟ್ಟುವುದು ಕಂಡುಬಂದಿದೆ. ವೃದ್ಧರ ಮಿತಿಯು ಇದಕ್ಕಿಂತಲೂ ಕೆಳಗಿರುತ್ತದೆ.

ರಾತ್ರಿಯ ವಿಚಾರವು ಹೆಚ್ಚಾಗಿ ಕಡೆಗಣಿಸಲ್ಪಟ್ಟಿದೆ. ಹಗಲಿನ ಬಳಲಿಕೆಯಿಂದ ಹೃದಯ ಮತ್ತು ಮೂತ್ರಪಿಂಡಗಳು ಚೇತರಿಸಿಕೊಳ್ಳುವುದು ರಾತ್ರಿ ತಂಪಾದಾಗ. ಕಾಂಕ್ರೀಟು ಮತ್ತು ತಗಡು ಹಗಲಿನಲ್ಲಿ ಹೀರಿಕೊಂಡ ತಾಪವನ್ನು ರಾತ್ರಿಯಲ್ಲಿ ಬಿಡುಗಡೆ ಮಾಡುತ್ತವೆ. ಕಲಬುರಗಿ, ರಾಯಚೂರು ಭಾಗದ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳಿಗೆ ಹಗಲಿನ ತಾಪವು ನಿಧಾನವಾಗಿ ಇಳಿಯುತ್ತಿತ್ತು, ರಾತ್ರಿ ಜನ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಅಂತಹ ಮನೆಯನ್ನು ಕೆಡವಿ ತಗಡು ಹೊದಿಸಿದವರಿಗೆ ವ್ಯತ್ಯಾಸವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಸೂರಿಗೆ ಸುಣ್ಣ ಬಳಿಯುವುದು ಕಡಿಮೆ ಖರ್ಚಿನ ಪರಿಹಾರ. ನೆರೆಯ ತೆಲಂಗಾಣವು 2023ರಲ್ಲಿ ತಂಪು ಸೂರಿಗಾಗಿ ಪ್ರತ್ಯೇಕ ನೀತಿಯನ್ನೇ ರೂಪಿಸಿದೆ.

ಹವಾಮಾನ ಬದಲಾವಣೆಯ ಪಾತ್ರ

ರಾಯಚೂರಿನ ಬಿಸಿಲು ಇಂದಿನದಲ್ಲ, ಹಿಂದೆಯೂ ಇತ್ತು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಮಾತು ಸರಿಯಾದುದೇ. ಬದಲಾಗಿರುವುದು ಅಂತಹ ದಿನಗಳು ಬರುವ ಸರದಿ.

ಕೈಗಾರಿಕಾ ಯುಗದ ಮೊದಲು ವಾತಾವರಣದಲ್ಲಿ ಹತ್ತು ಲಕ್ಷ ಭಾಗಗಳಿಗೆ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ಭಾಗವನ್ನು ಮೀರಿದೆ. ಕಲ್ಲಿದ್ದಲು, ತೈಲ ಮತ್ತು ಅನಿಲವನ್ನು ಉರಿಸುವುದೇ ಇದಕ್ಕೆ ಮುಖ್ಯ ಕಾರಣ. ಭೂಮಿಯಿಂದ ಹೊರಹೋಗಬೇಕಾದ ಶಾಖದ ಒಂದು ಭಾಗವನ್ನು ಈ ಅನಿಲವು ತಡೆಹಿಡಿಯುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಮಂಡಳಿಯ 2021ರ ವರದಿಯಂತೆ, ಹಿಂದೆ ನೆಲಪ್ರದೇಶಗಳಲ್ಲಿ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂತಹ ತೀವ್ರ ತಾಪವು, ಜಗತ್ತಿನ ಸರಾಸರಿ ಉಷ್ಣಾಂಶವು 1 ಡಿಗ್ರಿ ಏರಿದಾಗ 2.8 ಪಟ್ಟು, 1.5 ಡಿಗ್ರಿ ಏರಿದಾಗ 4.1 ಪಟ್ಟು ಹೆಚ್ಚು ಬಾರಿ ಬರುತ್ತದೆ. ಐವತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ತಾಪಕ್ಕೆ ಈ ಲೆಕ್ಕವು 4.8 ಪಟ್ಟು ಮತ್ತು 8.6 ಪಟ್ಟು. ಅಪರೂಪದ್ದೇ ಹೆಚ್ಚು ವೇಗವಾಗಿ ಸಾಮಾನ್ಯವಾಗುತ್ತಿದೆ ಎಂಬುದನ್ನು ಈ ಅಂಕಿಗಳಿಂದ ತಿಳಿಯಬಹುದು. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ನೆಯ ವರ್ಷದ ಸರಾಸರಿಯು ಕೈಗಾರಿಕಾ ಪೂರ್ವ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿದ್ದಿತು. ಭಾರತದಲ್ಲಿಯೂ 1901ರಿಂದ ಆ ವರ್ಷದವರೆಗಿನ ದಾಖಲೆಗಳಲ್ಲಿ ಅದೇ ಅತ್ಯಂತ ಬಿಸಿಯಾದ ವರ್ಷ.

ಬೇಸಿಗೆಯು ಮುಂಚಿತವಾಗಿ ಬರುತ್ತಿರುವುದು ಇನ್ನೊಂದು ಲಕ್ಷಣ. ದೇಶದಲ್ಲಿ 2022ರ ಮಾರ್ಚ್ ತಿಂಗಳು ಅಲ್ಲಿಯವರೆಗಿನ ದಾಖಲೆಗಳಲ್ಲಿಯೇ ಅತ್ಯಂತ ಬಿಸಿಯಾಗಿತ್ತು. ಆ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳ ತಾಪದ ಸಂಭವವನ್ನು ಹವಾಮಾನ ಬದಲಾವಣೆಯು ಸುಮಾರು 30 ಪಟ್ಟು ಹೆಚ್ಚಿಸಿದೆ ಎಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಲೆಕ್ಕ ಹಾಕಿತು. ಉತ್ತರ ಭಾರತದಲ್ಲಿ ಗೋಧಿಯ ಕಾಳು ಬಲಿಯುವ ಮುನ್ನವೇ ಒಣಗಿತು, ಮೇ 13ರಂದು ಕೇಂದ್ರ ಸರ್ಕಾರವು ಗೋಧಿಯ ರಫ್ತನ್ನು ನಿಷೇಧಿಸಿತು. 2025ರಲ್ಲಿ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆಯು ಫೆಬ್ರವರಿ ತಿಂಗಳಿನಲ್ಲಿಯೇ, ಅಂದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇನ್ನೂ ಚಳಿಗಾಲವಿರುವಾಗಲೇ ಬಂದಿತು.

ಒಂದು ನಿರ್ದಿಷ್ಟ ದಿನದ ಬಿಸಿಲನ್ನು ಪೂರ್ಣವಾಗಿ ಹವಾಮಾನ ಬದಲಾವಣೆಯ ಖಾತೆಗೆ ಬರೆಯುವುದು ಸರಿಯಲ್ಲ. 2023ರಲ್ಲಿ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಸ್ಥಿತಿಯಿದ್ದು, ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ನೆಲದಲ್ಲಿ ತೇವವಿದ್ದರೆ ಬಿಸಿಲಿನ ಒಂದು ಪಾಲು ನೀರನ್ನು ಆವಿಯಾಗಿಸುವುದಕ್ಕೆ ವ್ಯಯವಾಗುತ್ತದೆ. ತೇವವಿಲ್ಲದ ನೆಲದಲ್ಲಿ ಅಷ್ಟೂ ಗಾಳಿಯನ್ನು ಕಾಯಿಸುತ್ತದೆ. 2024ರ ಬೇಸಿಗೆಯು ಕಾಲಿಟ್ಟದ್ದು ಇಂತಹ ಒಣ ನೆಲದ ಮೇಲೆ. ಬೆಂಗಳೂರಿನಲ್ಲಿ ಇದರ ಜೊತೆಗೆ ಕೆರೆ ಮತ್ತು ಮರಗಳ ನಾಶವೂ ಸೇರಿದೆ. ಎಲ್ ನಿನೊ ಬಂದು ಹೋಗುತ್ತದೆ. ಅದು ಬಂದಾಗ ಏರುವ ಮೆಟ್ಟಿಲು ಮಾತ್ರ ಮೊದಲಿಗಿಂತ ಎತ್ತರದಲ್ಲಿದೆ.

ಮುನ್ನೆಚ್ಚರಿಕೆ

ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನು ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಪ್ರಕಟಿಸಲಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನದೇ ಮಾಪನ ಕೇಂದ್ರಗಳ ಮಾಹಿತಿಯನ್ನು ಒದಗಿಸುತ್ತದೆ, ಅದರ ವರುಣಮಿತ್ರ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು. ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೊರಗಿನ ಕೆಲಸವನ್ನು ತಪ್ಪಿಸುವುದು, ಬಾಯಾರಿಕೆಯಾಗದಿದ್ದರೂ ನೀರು, ಮಜ್ಜಿಗೆ, ಓಆರ್‌ಎಸ್ ಕುಡಿಯುವುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ಜಾತಿ, ಆದಾಯ ಪ್ರಮಾಣಪತ್ರಗಳಂತಹ ಸೇವೆಗಳಿಗೆ ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯಲ್ಲಿ ಬೆಳಗಿನ ವೇಳೆಯಲ್ಲಿಯೇ ಅರ್ಜಿ ಸಲ್ಲಿಸುವುದರಿಂದ ತಾಲ್ಲೂಕು ಕೇಂದ್ರದ ಪ್ರಯಾಣವನ್ನು ತಪ್ಪಿಸಬಹುದು.

ದೇಹದ ಉಷ್ಣಾಂಶವು 40 ಡಿಗ್ರಿ ಮೀರಿ, ಮಾತು ತೊದಲುವುದು, ಗೊಂದಲ, ಎಚ್ಚರ ತಪ್ಪುವುದು ಕಂಡುಬಂದಲ್ಲಿ ಅದು ಉಷ್ಣಾಘಾತ. ಬೆವರು ನಿಂತಿರಲೇಬೇಕೆಂದೇನೂ ಇಲ್ಲ; ದುಡಿಯುತ್ತಿರುವಾಗ ಕುಸಿದವರ ಮೈ ಬೆವರಿನಿಂದ ತೊಯ್ದಿರಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಒದ್ದೆ ಬಟ್ಟೆ ಅಥವಾ ಮಂಜುಗಡ್ಡೆಯನ್ನು ಇಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಮರಣ ಸಂಭವಿಸಿದಲ್ಲಿ: ದಾಖಲೆ ಮತ್ತು ಪರಿಹಾರ

ಪ್ರವಾಹದಿಂದ ಸತ್ತವರನ್ನು ಎಣಿಸುವುದು ಕಷ್ಟವಲ್ಲ. ತಾಪದಿಂದ ಸತ್ತವರ ದಾಖಲೆಯಲ್ಲಿ ಸಾಮಾನ್ಯವಾಗಿ ಹೃದಯಾಘಾತವೆಂದೋ ವಯೋಸಹಜವೆಂದೋ ಇರುತ್ತದೆ. 2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶವು 46.8 ಡಿಗ್ರಿ ತಲುಪಿದಾಗ ಸತ್ತವರ ಸಂಖ್ಯೆಯು ತಿಳಿದುಬಂದದ್ದು, ನಗರದ ಮರಣ ನೋಂದಣಿಯನ್ನು 2009 ಮತ್ತು 2011ರ ಮೇ ತಿಂಗಳುಗಳೊಂದಿಗೆ ಹೋಲಿಸಿದ ನಂತರ. ವ್ಯತ್ಯಾಸವು 1,344 ಮರಣಗಳು. ಆ ಅನುಭವದಿಂದಲೇ 2013ರಲ್ಲಿ ಅಲ್ಲಿ ದೇಶದ ಮೊದಲ ಬಿಸಿಗಾಳಿ ಕ್ರಿಯಾಯೋಜನೆಯು ಜಾರಿಗೆ ಬಂದಿತು.

ಪರಿಹಾರದ ವಿಷಯವೂ ದಾಖಲೆಯನ್ನೇ ಅವಲಂಬಿಸಿದೆ. ಕೇಂದ್ರದ ಅಧಿಸೂಚಿತ ವಿಕೋಪಗಳ ಪಟ್ಟಿಗೆ ಶೀತಗಾಳಿಯು 2012ರಲ್ಲಿ ಸೇರಿತು; 15ನೆಯ ಹಣಕಾಸು ಆಯೋಗದ 2021–26ರ ಅವಧಿಗೆ ಅನ್ವಯಿಸಿದ ಪಟ್ಟಿಯಲ್ಲಿ ಬಿಸಿಗಾಳಿಯು ಇರಲಿಲ್ಲ. ಆದರೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಶೇಕಡಾ 10ರವರೆಗಿನ ಮೊತ್ತವನ್ನು ರಾಜ್ಯವು ತಾನೇ ಗುರುತಿಸಿದ ವಿಕೋಪಗಳಿಗೆ ಬಳಸಲು ಅವಕಾಶ ನೀಡಲಾಗಿತ್ತು. 1998ರ ತಾಪದಲ್ಲಿ 2,042 ಜನರನ್ನು ಕಳೆದುಕೊಂಡಿದ್ದ ಒಡಿಶಾ 2015ರಲ್ಲಿಯೂ, ತಮಿಳುನಾಡು 2024ರಲ್ಲಿ ನಾಲ್ಕು ಲಕ್ಷ ರೂಪಾಯಿಗಳ ಪರಿಹಾರದೊಂದಿಗೂ ಈ ಅವಕಾಶವನ್ನು ಬಳಸಿಕೊಂಡವು.

ಎಲ್ಲಿಯೇ ಆಗಲಿ, ಮರಣವು ತಾಪದಿಂದ ಆದುದೆಂದು ಕಾಗದದಲ್ಲಿ ಇಲ್ಲದಿದ್ದರೆ ಅರ್ಜಿಯು ಮುಂದೆ ಸಾಗುವುದಿಲ್ಲ. ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ ತಕ್ಷಣದ ಕಾರಣಕ್ಕೂ ಅದಕ್ಕೆ ಮೂಲವಾದ ಕಾರಣಕ್ಕೂ ಬೇರೆ ಬೇರೆ ಸಾಲುಗಳಿರುತ್ತವೆ. ಮೃತರು ಎಲ್ಲಿ, ಎಷ್ಟು ಹೊತ್ತು ಬಿಸಿಲಿನಲ್ಲಿದ್ದರು, ಯಾವ ಕೆಲಸದಲ್ಲಿದ್ದರು, ಮೈ ಎಷ್ಟು ಸುಡುತ್ತಿತ್ತು, ಕುಸಿದ ವೇಳೆ ಯಾವುದು ಎಂಬುದನ್ನು ಕುಟುಂಬದವರು ವೈದ್ಯರಿಗೆ ಆಗಲೇ ತಿಳಿಸಬೇಕು, ಏಕೆಂದರೆ ಕೆಲವು ಗಂಟೆಗಳ ನಂತರ ದೇಹವು ಅದಾವುದನ್ನೂ ಹೇಳುವುದಿಲ್ಲ. ಕೆಲಸದ ಸ್ಥಳದಲ್ಲಿ ಅಥವಾ ರಸ್ತೆಯಲ್ಲಿ ಮರಣವಾಗಿದ್ದಲ್ಲಿ ಪೊಲೀಸ್ ಠಾಣೆಗೆ ಮಾಹಿತಿ ನೀಡಿ ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿಯನ್ನು ಪಡೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ ಆದ ಮರಣವನ್ನು ಆಸ್ಪತ್ರೆಯೇ ವರದಿ ಮಾಡುತ್ತದೆ. ಮನೆಯಲ್ಲಿ ಆದ ಮರಣವನ್ನು ಕುಟುಂಬದವರು 21 ದಿನಗಳೊಳಗಾಗಿ ನೋಂದಣಾಧಿಕಾರಿಗೆ ತಿಳಿಸಬೇಕು, ಈ ಅವಧಿಯೊಳಗೆ ತಡ ಶುಲ್ಕವಿರುವುದಿಲ್ಲ. ಪರಿಹಾರ ಕೋರುವ ಅರ್ಜಿಯನ್ನು ಈ ದಾಖಲೆಗಳ ಪ್ರತಿಗಳೊಂದಿಗೆ ತಹಶೀಲ್ದಾರರ ಕಚೇರಿಗೆ ಸಲ್ಲಿಸಿ ಸ್ವೀಕೃತಿಯನ್ನು ಪಡೆಯತಕ್ಕದ್ದು.