ಕಟಕಟೆಯಲ್ಲಿ ನಿಂತವನ ಸಿದ್ಧತೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಬಳಗದ ಕೆಲವರ ಮನೆಗಳಿಗಾದರೂ ಜ್ಯೂರಿ ಸೇವೆಯ ಕರೆಯೋಲೆ ಬಂದಿರಬಹುದು. ಮತದಾರರ ಪಟ್ಟಿಯಲ್ಲಿ ಹೆಸರಿದ್ದು ಈ ನೆಲದಲ್ಲಿ ಐದು ವರ್ಷ ವಾಸಿಸಿದ್ದರೆ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರಿಗೂ ಅದು ಬರುತ್ತದೆ. ವೈದ್ಯರಾದ ನಮಗೆ ಹಿಂದೆ ವಿನಾಯಿತಿ ಪಡೆಯುವ ಹಕ್ಕಿತ್ತು. 2004ರಿಂದ ಅದೂ ಇಲ್ಲ. ಕರೆಯೋಲೆ ಬಂದಾಗ ನಾವು ಚಿಂತಿಸುವುದು ನಮ್ಮ ರಜೆ, ನಮ್ಮ ಸರದಿಗಳ ಬಗ್ಗೆ. ಎದುರಿನ ಕಟಕಟೆಯಲ್ಲಿ ನಿಲ್ಲುವ ಆರೋಪಿಯು ಆ ದಿನಕ್ಕಾಗಿ ಸಿದ್ಧನಾಗುವ ಹಕ್ಕನ್ನು ಹೇಗೆ ಪಡೆದನೆಂಬುದು ಮಾತ್ರ ಎರಡು ಶತಮಾನಗಳ ಕಥೆ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೊಲೆ, ದರೋಡೆಗಳಂತಹ ಘೋರ ಅಪರಾಧಗಳ ಆರೋಪಿಗೆ ವಕೀಲನಿರಲಿಲ್ಲ. ದೋಷಾರೋಪ ಪಟ್ಟಿಯ ಪ್ರತಿ ಅವನ ಕೈಗೆ ಸಿಗುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಓದಿದಾಗ ಕೇಳಿಸಿಕೊಳ್ಳಬೇಕಿತ್ತು. ತನ್ನ ವಿರುದ್ಧ ಯಾರು ಏನು ಹೇಳಿದ್ದಾರೆಂಬುದು ಅವರು ಎದುರಿಗೆ ನಿಂತು ನುಡಿದಾಗಲೇ ತಿಳಿಯುತ್ತಿತ್ತು. ಸಣ್ಣಪುಟ್ಟ ಅಪರಾಧಗಳಲ್ಲಿ ವಕೀಲರಿಗೆ ಅವಕಾಶವಿತ್ತು. ಕುತ್ತಿಗೆಗೆ ಹಗ್ಗ ಬೀಳುವ ಮೊಕದ್ದಮೆಯಲ್ಲಿ ಇರಲಿಲ್ಲ! ಪ್ರಾಮಾಣಿಕನಾದವನು ಸತ್ಯ ಹೇಳಲು ನಿಪುಣತೆ ಬೇಕಿಲ್ಲ, ಸಿದ್ಧತೆಯಿಲ್ಲದ ಮಾತಿನಲ್ಲಿಯೇ ನಿಜ ಹೊರಬೀಳುತ್ತದೆ, ಬೇಕಾದರೆ ನ್ಯಾಯಾಧೀಶನೇ ಅವನ ಹಿತ ಕಾಯುತ್ತಾನೆ ಎಂಬುದು ಅಂದಿನ ವಾದ. ರೋಗಿಯು ತಾನಾಗಿಯೇ ಹೇಳಿಕೊಳ್ಳುವ ಮಾತಿನ ಬೆಲೆ ವೈದ್ಯರಿಗೂ ಗೊತ್ತು. ಆದರೆ ಭಯದಿಂದ ನಡುಗುತ್ತಿರುವವನು ಹೇಳುವ ಅರೆಬರೆ ಮಾತನ್ನು ನಂಬಿ ಯಾರೂ ಶಸ್ತ್ರಚಿಕಿತ್ಸೆಗೆ ಇಳಿಯುವುದಿಲ್ಲ.

ವಿಚಾರಣೆಗೆ ಮುನ್ನ ಲಂಡನ್ನಿನ ಆರೋಪಿ ಇರುತ್ತಿದ್ದುದು ನ್ಯೂಗೇಟ್ ಸೆರೆಮನೆಯಲ್ಲಿ. ಸಾಕ್ಷಿಗಳನ್ನು ಹುಡುಕಿ ತರಲು ಅವನು ಹೊರಗೆ ಹೋಗುವಂತಿರಲಿಲ್ಲ. ಬಂಧುಗಳಿದ್ದರೆ ಅವರು ಓಡಾಡಬೇಕು, ಇಲ್ಲದವನಿಗೆ ಯಾರೂ ಇಲ್ಲ. ಅದಕ್ಕೂ ಮೊದಲು ಅವನು ಜೀವಂತವಾಗಿ ಉಳಿಯಬೇಕಿತ್ತು. ಸೆರೆಮನೆಯ ಜ್ವರವೆಂದು ಕರೆಯುತ್ತಿದ್ದ ಟೈಫಸ್ ಅಲ್ಲಿ ಕೈದಿಗಳನ್ನು ಬಲಿ ತೆಗೆದುಕೊಳ್ಳುತ್ತಲೇ ಇತ್ತು. 1750ರಲ್ಲಿ ಅದು ಕೈದಿಗಳೊಡನೆ ಪಕ್ಕದ ಓಲ್ಡ್ ಬೈಲಿ ನ್ಯಾಯಾಲಯವನ್ನು ಹೊಕ್ಕು, ಲಂಡನ್ನಿನ ಲಾರ್ಡ್ ಮೇಯರ್, ಇಬ್ಬರು ನ್ಯಾಯಾಧೀಶರು ಮತ್ತು ಇನ್ನೂ ಹಲವರನ್ನು ಕೊಂದಿತು. ದುರ್ವಾಸನೆಯೇ ಕಾರಣವೆಂದು ನಂಬಿದ್ದ ಕಾಲ. ನ್ಯಾಯಾಧೀಶರು ಸುಗಂಧ ಸಸ್ಯಗಳ ಗೊಂಚಲು ಹಿಡಿದು ಕುಳಿತರು. ಆ ರೋಗವನ್ನು ಹರಡುವುದು ಹೇನು ಎಂದು ಷಾರ್ಲ್ ನಿಕೋಲ್ ತೋರಿಸಿಕೊಟ್ಟಿದ್ದು 1909ರಲ್ಲಿ.

ಮೊದಲ ಬಾಗಿಲು ತೆರೆದದ್ದು ರಾಜದ್ರೋಹದ ಮೊಕದ್ದಮೆಗಳಿಗೆ. 1696ರ ಶಾಸನದಂತೆ ಆರೋಪಿಗೆ ವಿಚಾರಣೆಗೆ ಐದು ದಿನ ಮೊದಲೇ ದೋಷಾರೋಪದ ಪ್ರತಿ, ಎರಡು ದಿನ ಮೊದಲು ಜ್ಯೂರಿಗೆ ಆಯ್ಕೆಯಾಗಬಹುದಾದವರ ಪಟ್ಟಿ, ಜೊತೆಗೆ ವಕೀಲನ ನೆರವು ದೊರೆಯಿತು. ರಾಜದ್ರೋಹದ ಆರೋಪ ಬರುವುದು ಬಹುತೇಕ ಗಣ್ಯರ ಮೇಲೆ. ಶಾಸನ ಮಾಡಿದವರಿಗೆ ತಮ್ಮ ತಲೆಗಳ ಚಿಂತೆಯೂ ಇತ್ತೆಂಬುದನ್ನು ಮರೆಯುವಂತಿಲ್ಲ. ಕುರಿ ಕದ್ದ ಆರೋಪ ಹೊತ್ತ ಬಡವನಿಗೆ ಇದಾವುದೂ ದಕ್ಕಲಿಲ್ಲ. 1730ರ ದಶಕದಿಂದ ನ್ಯಾಯಾಧೀಶರು ಅವನ ವಕೀಲನಿಗೆ ಪಾಟೀಸವಾಲು ಮಾಡಲು ಬಿಟ್ಟರು. ವಿಲಿಯಂ ಗ್ಯಾರೋ ಎಂಬ ವಕೀಲ 1780ರ ದಶಕದಲ್ಲಿ ಓಲ್ಡ್ ಬೈಲಿಯಲ್ಲಿ ಹೆಸರಾದುದು ಈ ಪಾಟೀಸವಾಲುಗಳಿಂದಲೇ. ಆದರೂ ಜ್ಯೂರಿಯನ್ನು ಉದ್ದೇಶಿಸಿ ಮಾತನಾಡುವಂತಿರಲಿಲ್ಲ. ಆ ಹಕ್ಕು, ಜೊತೆಗೆ ಸಾಕ್ಷಿಗಳ ಲಿಖಿತ ಹೇಳಿಕೆಗಳ ಪ್ರತಿ ಪಡೆಯುವ ಹಕ್ಕು ಬಂದದ್ದು 1836ರಲ್ಲಿ. ಆರೋಪಿಯೇ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯುವ ಅವಕಾಶ ಎಲ್ಲ ಮೊಕದ್ದಮೆಗಳಿಗೂ ಬಂದದ್ದು 1898ರಲ್ಲಿ. ಇದು ಎರಡು ಅಲುಗಿನ ಕತ್ತಿ: ಮಾತನಾಡಬಹುದಾದವನು ಮೌನವಾಗಿದ್ದರೆ ಜ್ಯೂರಿಯ ಮನಸ್ಸಿನಲ್ಲಿ ಅನುಮಾನ ಹುಟ್ಟುತ್ತದೆ. ಕಟಕಟೆ ಏರಬೇಕೇ ಬೇಡವೇ ಎಂಬುದು ಇಂದಿಗೂ ಆರೋಪಿ ಮತ್ತು ವಕೀಲರು ಕೂಡಿ ಮಾಡುವ ಅತಿ ಕಠಿಣ ತೀರ್ಮಾನಗಳಲ್ಲೊಂದು.

ಆಂಗ್ಲರು ಈ ಪದ್ಧತಿಯನ್ನು ಭಾರತಕ್ಕೂ ಕೊಂಡೊಯ್ದರು. ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತ್ಯದಲ್ಲಿದ್ದ ಆ ದಿನಗಳಲ್ಲಿ, 1908ರ ಜೂನ್ 24ರಂದು ಲೋಕಮಾನ್ಯ ತಿಲಕರು 'ಕೇಸರಿ'ಯ ಲೇಖನಗಳಿಗಾಗಿ ಬಂಧಿತರಾದರು. ಜಾಮೀನು ದೊರೆಯಲಿಲ್ಲ. ಜುಲೈ 13ಕ್ಕೆ ವಿಚಾರಣೆ ಆರಂಭ. ಸೆರೆಯಲ್ಲಿದ್ದುಕೊಂಡೇ ಸಿದ್ಧರಾಗಲು ಇದ್ದದ್ದು ಮೂರು ವಾರಕ್ಕೂ ಕಡಿಮೆ ಅವಧಿ. ಕಾನೂನು ಪದವೀಧರರಾದ ತಿಲಕರು ತಾವೇ ವಾದಿಸಿದರು, ಹಲವು ದಿನಗಳಲ್ಲಿ ಒಟ್ಟು 21 ಗಂಟೆಗೂ ಮಿಕ್ಕಿ. ಅವರ ವಾದದ ದೊಡ್ಡ ಭಾಗ ಭಾಷೆಗೆ ಸಂಬಂಧಿಸಿದ್ದು. ಲೇಖನಗಳು ಮರಾಠಿಯಲ್ಲಿದ್ದವು, ಏಳು ಮಂದಿ ಯುರೋಪಿಯನ್ನರು ಮತ್ತು ಇಬ್ಬರು ಪಾರ್ಸಿಗಳಿದ್ದ ಜ್ಯೂರಿಯ ಮುಂದಿದ್ದುದು ಸರ್ಕಾರದ ಇಂಗ್ಲಿಷ್ ಅನುವಾದ. ಯಾವ ಪದಕ್ಕೆ ಯಾವ ಅರ್ಥ ಹಚ್ಚಲಾಗಿದೆ, ಮೂಲದಲ್ಲಿ ಅದರ ತೂಕವೇನು ಎಂದು ತಿಲಕರು ಒಂದೊಂದಾಗಿ ಬಿಡಿಸಿ ಹೇಳಬೇಕಾಯಿತು. ಮನೆಮಾತಿನಲ್ಲಿ ಆಡಿದ್ದು ಪರಭಾಷೆಯಲ್ಲಿ ಬೇರೆಯೇ ಆಗಿ ಕೇಳುವ ಅನುಭವ ನಮಗೆ ಹೊಸದಲ್ಲ. ಆದರೆ ನಮ್ಮಲ್ಲಿ ಬಹುಮಂದಿಗೆ ಅದರ ಬೆಲೆ ಸೆರೆವಾಸವಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ ಅಂದು ಹನ್ನೆರಡೂ ಜನರು ಒಮ್ಮತಕ್ಕೆ ಬರಬೇಕಿತ್ತು. ಮುಂಬಯಿಯಲ್ಲಿ ಬಹುಮತ ಸಾಕಿತ್ತು. ಜುಲೈ 22ರ ರಾತ್ರಿ ಏಳು ಮಂದಿ ದೋಷಿಯೆಂದರು, ಇಬ್ಬರು ಒಪ್ಪಲಿಲ್ಲ. ಆರು ವರ್ಷಗಳ ಗಡೀಪಾರು ಶಿಕ್ಷೆ ವಿಧಿಸಿದ ನ್ಯಾಯಮೂರ್ತಿ ದಾವರ್ ಅವರು 1897ರ ಮೊಕದ್ದಮೆಯಲ್ಲಿ ತಿಲಕರ ಪರ ನಿಂತಿದ್ದ ವಕೀಲರೇ ಆಗಿದ್ದರು. ಮರುದಿನ ತಿಲಕರಿಗೆ ಐವತ್ತೆರಡು ತುಂಬಿತು.

ಎಂಟು ವರ್ಷಗಳ ನಂತರ ಬೆಳಗಾವಿ ಮತ್ತು ಅಹಮದ್‌ನಗರಗಳಲ್ಲಿ ಮಾಡಿದ ಭಾಷಣಗಳಿಗಾಗಿ ಅವರಿಂದ 20,000 ರೂಪಾಯಿಗಳ ಮುಚ್ಚಳಿಕೆ ಕೇಳಲಾಯಿತು. ಈ ಬಾರಿ ಜ್ಯೂರಿ ಇರಲಿಲ್ಲ, ವಾದಿಸಿದವರು ಜಿನ್ನಾ. ಭಾಷಣಗಳನ್ನು ಬಿಡಿ ಮಾತುಗಳಾಗಿ ಅಲ್ಲ, ಇಡಿಯಾಗಿ ಓದಬೇಕೆಂದ ಮುಂಬಯಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು.