ಕಾಳಿ ದಂಡೆಯ ಎರಡು ಪ್ರವಾಹ

ಇವತ್ತಿನ ಸಂಚಿಕೆ ಒಂದು ಶಬ್ದದ ಬೆನ್ನು ಹತ್ತಿ ಹೊರಟಿದೆ: ಪ್ರವಾಹ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದು ವಿದ್ಯುತ್ ಪ್ರವಾಹ. ಆದರೆ ಕಾರವಾರದ ಹತ್ತಿರ, ಕಾಳಿ ದಂಡೆಯ ಕದ್ವಾಡದಂಥ ಊರಲ್ಲಿ ಪ್ರವಾಹ ಅಂದ್ರೆ ಮೊದಲು ನೆನಪಾಗೋದು ನೆರೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯ ಗೇಟ್ ತೆರೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತ್ತು. ನೆರೆ ಬಂತು ಅಂದ್ರೆ ಕರೆಂಟ್ ಹೋಯ್ತು ಅಂತಲೇ ಅರ್ಥ. ವಿಚಿತ್ರ ಏನಂದ್ರೆ, ಕರೆಂಟ್ ಹುಟ್ಟೋದೂ ಇದೇ ನದಿಯಲ್ಲಿ. ಹಾಗಾದರೆ ಕಾಳಿಯಿಂದ ಹೊರಟು ತಂತಿಯೊಳಗೆ ಹರಿದು ಹೋಗೋದು ಏನು?

ಈ ಪ್ರಶ್ನೆಗೆ ಉತ್ತರ ಸಿಗೋಕೆ ಒಂದೂವರೆ ಶತಮಾನ ಬೇಕಾಯ್ತು. 1740ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಒಂದು ಬಗೆಯ ದ್ರವ ಅಂದುಕೊಂಡರು. ದ್ರವ ಹೆಚ್ಚಿರುವ ಕಡೆ ಪ್ಲಸ್, ಕಡಿಮೆ ಇರುವ ಕಡೆ ಮೈನಸ್. ಆಗ ವಿದ್ಯುತ್ ಅಂದ್ರೆ ಕ್ಷಣಮಾತ್ರದ ಕಿಡಿ, ಅಷ್ಟೇ. 1800ರಲ್ಲಿ ಇಟಲಿಯ ವೋಲ್ಟಾ ಎರಡು ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು, ಹೀಗೆ ಒಂದರ ಮೇಲೊಂದು ಪೇರಿಸಿ ಬ್ಯಾಟರಿ ಮಾಡಿದರು. ಮೊದಲ ಸಲ ವಿದ್ಯುತ್ ನಿಲ್ಲದೆ ಹರಿಯಿತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದರು. ಅದರ ಆವೇಶ ಋಣ. ಅಂದ್ರೆ ತಂತಿಯಲ್ಲಿ ನಿಜವಾಗಿ ಚಲಿಸೋ ಕಣ ಮೈನಸ್ಸಿಂದ ಪ್ಲಸ್ ಕಡೆಗೆ ಹೋಗುತ್ತೆ. ನಮ್ಮ ಪುಸ್ತಕಗಳು ಮಾತ್ರ ಹಳೆಯ ರೂಢಿಯಂತೆ ಇವತ್ತಿಗೂ ಪ್ಲಸ್ಸಿಂದ ಮೈನಸ್‌ಗೆ ಬಾಣ ಬರೆಯುತ್ತವೆ.

ಒಂದು ಆಂಪಿಯರ್ ಕರೆಂಟ್ ಅಂದ್ರೆ ತಂತಿಯ ಒಂದು ಜಾಗವನ್ನು ಸೆಕೆಂಡಿಗೆ ಸುಮಾರು 62 ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್ ದಾಟಬೇಕು. ಇಷ್ಟು ಜನಜಂಗುಳಿ ಇದ್ದರೂ ಅವುಗಳ ನಡಿಗೆ ಬಸವನಹುಳುವಿಗಿಂತ ನಿಧಾನ. ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿದರೆ, ಎಲೆಕ್ಟ್ರಾನ್ ಗಂಟೆಗೆ ಮುಂದೆ ಸಾಗೋದು ಒಂದು ಗೇಣಿನಷ್ಟು. ಆದರೂ ಸ್ವಿಚ್ ಹಾಕಿದ ತಕ್ಷಣ ದೀಪ ಹತ್ತುತ್ತೆ. ಯಾಕಂದ್ರೆ ತಂತಿಯ ತುಂಬ ಎಲೆಕ್ಟ್ರಾನ್ ಮೊದಲೇ ಇವೆ. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡೋದು ಅವುಗಳನ್ನು ತಳ್ಳುವ ವಿದ್ಯುತ್ ಕ್ಷೇತ್ರ.

ಇದೂ ಬ್ಯಾಟರಿಯ ಮಾತಾಯ್ತು. ಮನೆಗೆ ಬರೋದು ಎಸಿ. ಕದ್ವಾಡದ ಹತ್ತಿರ ಕಾಳಿಯನ್ನು ನೋಡಿದವರಿಗೆ ಇದು ಸುಲಭ. ಅಲ್ಲಿ ಸಮುದ್ರ ದೂರವಿಲ್ಲ. ಉಬ್ಬರಕ್ಕೆ ನೀರು ಮೇಲೆ ಬರುತ್ತೆ, ಇಳಿತಕ್ಕೆ ಹಿಂದೆ ಸರಿಯುತ್ತೆ. ತಂತಿಯ ಎಲೆಕ್ಟ್ರಾನ್ ಹಾಗೇ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತೆ. ತೂಗೋ ದೂರ ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ಕದ್ರಾದ ಎಲೆಕ್ಟ್ರಾನ್ ಬೆಂಗಳೂರಿಗೆ ಹೋಗೋದೇ ಇಲ್ಲ. ಹೋಗೋದು ಶಕ್ತಿ.

ಆ ಶಕ್ತಿಯನ್ನು ದೂರ ಸಾಗಿಸಿದ್ದರಲ್ಲಿ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲ. ತಂತಿ ಸುರುಳಿಯ ಹತ್ತಿರ ಆಯಸ್ಕಾಂತ ಅಲುಗಾಡಿದರೆ ವಿದ್ಯುತ್ ಹುಟ್ಟುತ್ತೆ ಅಂತ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಅದೇ ತತ್ತ್ವದ ಮೇಲೆ 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಕಾವೇರಿಯ ನಂತರ ಶರಾವತಿ, ಆಮೇಲೆ ಕಾಳಿಯ ಸರದಿ. ಸೂಪಾದಲ್ಲಿ 100 ಮೆಗಾವಾಟ್, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ನಾಗಝರಿ ಇವೆಲ್ಲಕ್ಕಿಂತ ದೊಡ್ಡದು. ಕದ್ರಾದ ಹಿನ್ನೀರನ್ನೇ ನೆಚ್ಚಿಕೊಂಡ ಕೈಗಾ ಅಣುಸ್ಥಾವರದ್ದು 880.

ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ಸೂಪಾ ತಾಲೂಕು ಕೇಂದ್ರ ಅಣೆಕಟ್ಟೆಯ ನೀರಲ್ಲಿ ಮುಳುಗಿತು. ಕೇಂದ್ರ ಜೊಯಿಡಾಕ್ಕೆ ಹೋಯ್ತು, ಎಷ್ಟೋ ಕುಟುಂಬಗಳು ರಾಮನಗರ ಸೇರಿದವು. ತಂತಿಯ ಎಲೆಕ್ಟ್ರಾನ್ ತನ್ನ ಜಾಗದಲ್ಲೇ ಉಳಿಯಿತು. ಜಾಗ ಬಿಟ್ಟವರು ಜನ. ಮೇಲೆ ಇದ್ದವರು ಊರು ಬಿಟ್ಟರು, ಕೆಳಗೆ ಇರುವವರು ಪ್ರತಿ ಮಳೆಗಾಲ ಗೇಟ್ ಯಾವಾಗ ತೆರೀತಾರೆ ಅಂತ ಕಾಯ್ತಾರೆ. ತಿಂಗಳ ಕರೆಂಟ್ ಬಿಲ್ಲಲ್ಲಿ ನಾವು ಕೊಡೋದು ಬಳಸಿದ ಶಕ್ತಿಯ ದುಡ್ಡು, ಯೂನಿಟ್ಟಿಗೆ ಇಷ್ಟು ಅಂತ. ಈ ಇನ್ನೊಂದು ಲೆಕ್ಕ ಆ ಬಿಲ್ಲಲ್ಲಿ ಇರಲ್ಲ.

ಕದ್ರಾದ ಗೇಟ್ ತೆರೆಯೋ ಸುದ್ದಿ ಮುಂದಿನ ಸಲ ಬಂದಾಗ, ಅದನ್ನು ಬರೀ ಹವಾಮಾನದ ಸುದ್ದಿ ಅಂದ್ಕೋಬೇಡಿ. ಅದು ನಮ್ಮ ಮನೆಯ ದೀಪದ ಸುದ್ದಿಯೂ ಹೌದು.