ಎಐ ಏಜೆಂಟ್‌ಗೆ ಕೋಡ್ ಭಂಡಾರದ ಕೀಲಿಕೈ: ಗಿಟ್‌ಹಬ್ ಎಂಸಿಪಿ ಸರ್ವರ್ ಪರಿಚಯ

ಗಡಿನಾಡಿನ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಊರಿನ ಸಂಘದ ಜಾಲತಾಣವನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವವರೂ ಹೆಚ್ಚಾಗಿ ಅವರೇ. ಈಗ ಈ ಕೆಲಸಕ್ಕೆ ಎಐ ಏಜೆಂಟ್‌ಗಳೂ ಬಂದಿವೆ. ಅವು ಬಳಸುವ ಒಂದು ಸಾಧನ ಯಾವುದು, ಅದಕ್ಕೆ ಎಷ್ಟು ಅಧಿಕಾರ ಕೊಡಬೇಕು ಎಂಬ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಹಿನ್ನೆಲೆ

ಯಾವ ಬದಲಾವಣೆಯನ್ನು ಯಾರು, ಯಾವಾಗ ಮಾಡಿದರು ಎಂಬ ವಿವರದೊಡನೆ ಕಾಪಾಡಿದ ಕಡತಗಳ ಸಂಗ್ರಹವೇ ಕೋಡ್ ರೆಪಾಸಿಟರಿ. ಇದಕ್ಕೆ ಬಳಕೆಯಾಗುವ ಗಿಟ್ ತಂತ್ರಾಂಶವನ್ನು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಬರೆದರು. ಇಂಥ ರೆಪಾಸಿಟರಿಗಳನ್ನು ಜಾಲದಲ್ಲಿ ಇಡಲು ಜಾಗ ಕೊಡುವ ಗಿಟ್‌ಹಬ್ 2008ರಲ್ಲಿ ಆರಂಭವಾಯಿತು.

ಎಐ ಮಾದರಿಯೊಂದು ತಾನಾಗಿಯೇ ರೆಪಾಸಿಟರಿಯನ್ನು ತೆರೆಯಲಾರದು. ನಡುವೆ ಒಂದು ಸೇತುವೆ ಬೇಕು. ಅದಕ್ಕಾಗಿ ಆಂಥ್ರಾಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅಥವಾ ಎಂಸಿಪಿ ಎಂಬ ಮುಕ್ತ ನಿಯಮಾವಳಿಯನ್ನು ಪ್ರಕಟಿಸಿತು. ಅದನ್ನು ಅನುಸರಿಸಿ ಗಿಟ್‌ಹಬ್ 2025ರ ಏಪ್ರಿಲ್‌ನಲ್ಲಿ ತನ್ನದೇ ಎಂಸಿಪಿ ಸರ್ವರ್ ಹೊರತಂದಿತು. ಇದನ್ನು ಗೋ ಭಾಷೆಯಲ್ಲಿ ಬರೆಯಲಾಗಿದ್ದು, ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿದೆ.

ಏನು ಮಾಡುತ್ತದೆ?

ಕಡತ ಓದುವುದು, ಕೋಡ್ ಹುಡುಕುವುದು, ಹೊಸ ಬ್ರಾಂಚ್ ತೆರೆಯುವುದು, ಬದಲಾವಣೆ ಸೇರಿಸುವುದು, ಇಶ್ಯೂ ಅಂದರೆ ದೂರು-ಸಲಹೆ ದಾಖಲಿಸುವುದು, ಪುಲ್ ರಿಕ್ವೆಸ್ಟ್ ಕಳಿಸುವುದು, ಅದನ್ನು ಮರ್ಜ್ ಮಾಡುವುದು: ಹೀಗೆ ಹಲವು ಕೆಲಸಗಳಿಗೆ ಒಂದೊಂದು ಟೂಲ್ ಇದರಲ್ಲಿದೆ.

'ಕಾರ್ಯಕ್ರಮದ ಪುಟದಲ್ಲಿ ದಿನಾಂಕ ತಪ್ಪಾಗಿದೆ, ಸರಿಪಡಿಸು' ಎಂದು ಹೇಳಿದೆವು ಎನ್ನೋಣ. ಏಜೆಂಟ್ ಆ ಕಡತವನ್ನು ಹುಡುಕಿ, ಓದಿ, ಬೇರೆ ಬ್ರಾಂಚ್‌ನಲ್ಲಿ ತಿದ್ದಿ, 'ಇದನ್ನು ಸೇರಿಸಬಹುದೇ?' ಎಂದು ಪುಲ್ ರಿಕ್ವೆಸ್ಟ್ ಕಳಿಸುತ್ತದೆ. ನಾವು ನೋಡಿ ಒಪ್ಪಿದ ಮೇಲೆ ಅದು ಮುಖ್ಯ ಪುಟಕ್ಕೆ ಸೇರುತ್ತದೆ. ಹೀಗೆ ನಡೆದರೆ ಚೆನ್ನ. ಆದರೆ ಮರ್ಜ್ ಮಾಡುವ ಅಧಿಕಾರವೂ ಏಜೆಂಟ್ ಕೈಯಲ್ಲಿದ್ದರೆ ನಮ್ಮನ್ನು ಕೇಳಲೇಬೇಕೆಂಬ ಕಟ್ಟುಪಾಡು ಇರುವುದಿಲ್ಲ.

ವಿವರಣೆಗೆ ಇಬ್ಬರು ಓದುಗರು

ಪ್ರತಿ ಟೂಲ್‌ಗೂ ಹೆಸರು, ಕಿರು ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ ಇರುತ್ತದೆ. ಇದನ್ನು ಮನುಷ್ಯರಷ್ಟೇ ಅಲ್ಲ, ಏಜೆಂಟ್ ಕೂಡ ಓದಿ ಯಾವ ಟೂಲ್ ಬಳಸಬೇಕೆಂದು ನಿರ್ಧರಿಸುತ್ತದೆ. ಕೈಪಿಡಿ ಅಸ್ಪಷ್ಟವಾಗಿದ್ದರೆ ಮನುಷ್ಯರು ಇನ್ನೊಬ್ಬರನ್ನು ಕೇಳುತ್ತಾರೆ; ಏಜೆಂಟ್ ಊಹಿಸಿಕೊಂಡು ಮುಂದೆ ಹೋಗಬಹುದು. ಆದ್ದರಿಂದ ಸ್ವಂತ ಟೂಲ್ ಬರೆಯುವ ನಮ್ಮ ಯುವಕ-ಯುವತಿಯರು 'ಇದು ಏನು ಮಾಡುತ್ತದೆ' ಎಂಬುದರ ಜೊತೆಗೆ 'ಇದು ಏನನ್ನು ಅಳಿಸುತ್ತದೆ, ಯಾವಾಗ ಬಳಸಬಾರದು' ಎಂಬುದನ್ನೂ ಬರೆಯಬೇಕು.

ಅಪಾಯ ಎಲ್ಲಿದೆ?

2025ರ ಮೇ ತಿಂಗಳಲ್ಲಿ ಇನ್ವೇರಿಯಂಟ್ ಲ್ಯಾಬ್ಸ್‌ನ ಸಂಶೋಧಕರು ಒಂದು ದಾಳಿಯ ಬಗೆಯನ್ನು ತೋರಿಸಿಕೊಟ್ಟರು. ಸಾರ್ವಜನಿಕ ರೆಪಾಸಿಟರಿಯಲ್ಲಿ ಯಾರು ಬೇಕಾದರೂ ಇಶ್ಯೂ ಬರೆಯಬಹುದು. ಅದರೊಳಗೆ ಏಜೆಂಟ್‌ಗೆ ಆದೇಶದಂತೆ ಕಾಣುವ ಮಾತು ಸೇರಿಸಿಟ್ಟರೆ, ಇಶ್ಯೂಗಳನ್ನು ಓದಲು ಹೋದ ಏಜೆಂಟ್ ಅದನ್ನು ಮಾಲೀಕರ ಮಾತೆಂದೇ ಪಾಲಿಸಿ, ಖಾಸಗಿ ರೆಪಾಸಿಟರಿಯ ವಿವರವನ್ನು ಸಾರ್ವಜನಿಕ ಪುಲ್ ರಿಕ್ವೆಸ್ಟ್‌ನಲ್ಲಿ ಹಾಕಿಬಿಡಬಹುದು.

ಸಂಘಗಳಿಗೆ ಇದು ದೂರದ ಮಾತಲ್ಲ. ಕಾರ್ಯಕ್ರಮದ ಪುಟ ಎಲ್ಲರಿಗೂ ತೆರೆದಿರುತ್ತದೆ; ಸದಸ್ಯರ ವಿಳಾಸ, ಫೋನ್ ಸಂಖ್ಯೆ, ಚಂದಾ ಲೆಕ್ಕ ಖಾಸಗಿಯಾಗಿರುತ್ತವೆ. ಎರಡಕ್ಕೂ ಒಂದೇ ಕೀಲಿಕೈ ಕೊಟ್ಟರೆ ತೊಂದರೆ ಅಲ್ಲಿಂದಲೇ ಶುರು.

ಬಳಸುವ ಮುನ್ನ

1. ಏಜೆಂಟ್‌ಗೆ ಕೊಡುವ ಟೋಕನ್ ಆಯ್ದ ರೆಪಾಸಿಟರಿಗೆ ಮಾತ್ರ ಸೀಮಿತವಾಗಿರಲಿ, ಅವಧಿಯೂ ನಿಗದಿಯಾಗಿರಲಿ.

2. ಮೊದಲು ರೀಡ್-ಓನ್ಲಿ ಸ್ಥಿತಿಯಲ್ಲಿ ನಡೆಸಿ. ಆಗ ಬರೆಯುವ ಟೂಲ್‌ಗಳು ಏಜೆಂಟ್‌ಗೆ ಸಿಗುವುದೇ ಇಲ್ಲ.

3. ಬೇಕಾದ ಟೂಲ್‌ಸೆಟ್‌ಗಳನ್ನಷ್ಟೇ ತೆರೆಯಿರಿ.

4. ಏಜೆಂಟ್ ಮಾಡುವ ಕೆಲಸ ಟೋಕನ್ ಕೊಟ್ಟವರ ಹೆಸರಿನಲ್ಲೇ ನಡೆಯುತ್ತದೆ, ಜವಾಬ್ದಾರಿಯೂ ಅವರದೇ. ಮರ್ಜ್ ಮಾಡುವ ಮುನ್ನ ಇನ್ನೊಬ್ಬ ಸದಸ್ಯರು ನೋಡಲಿ.

5. ಟೋಕನನ್ನು ಕಡತದೊಳಗೆ ಬರೆದಿಡಬೇಡಿ. ಒಮ್ಮೆ ಸೇರಿದರೆ, ಮುಂದೆ ಅಳಿಸಿದರೂ ಹಳೆಯ ದಾಖಲೆಯಲ್ಲಿ ಉಳಿಯುತ್ತದೆ. ಹಾಗಾದರೆ ಆ ಟೋಕನನ್ನೇ ರದ್ದುಮಾಡಿ.

ಕನ್ನಡದ ಕಡತಗಳಿಗೆ ಒಂದು ಮಾತು: ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು ಸಾಮಾನ್ಯವಾಗಿ 340, 262 ಎಂಬಂಥ ಅಂಕಿಗಳ ಸಾಲಾಗಿ ತೋರಿಸುತ್ತದೆ. ಕಡತ ಕೆಟ್ಟಿದೆ ಎಂದು ಗಾಬರಿ ಬೇಡ. 'ಕೋರ್ ಡಾಟ್ ಕೋಟ್‌ಪಾತ್' ಎಂಬ ಸೆಟ್ಟಿಂಗನ್ನು 'ಫಾಲ್ಸ್' ಮಾಡಿದರೆ ಅಕ್ಷರಗಳು ಸರಿಯಾಗಿ ಕಾಣುತ್ತವೆ.

ಈ ವಿಷಯ ಬಲ್ಲ ಸದಸ್ಯರು ತಮ್ಮ ಊರಿನ ಸಂಘದ ಜಾಲತಾಣ ನೋಡಿಕೊಳ್ಳುವವರಿಗೂ ತಿಳಿಸಿಕೊಡಬೇಕೆಂದು ವಿನಂತಿಸುತ್ತೇವೆ.